ಎಚ್‌ಐವಿ, ಕ್ಷಯರೋಗ ಮತ್ತು ನರ್ಸಿಂಗ್ ಶಿಕ್ಷಣ: ಗಡಿನಾಡಿನ ಪಾಲಕರಿಗೊಂದು ಮಾಹಿತಿ ಲೇಖನ

ಹತ್ತನೆಯ ತರಗತಿಯ ಫಲಿತಾಂಶ ಬಂದ ನಂತರ ನಮ್ಮ ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ನಡೆಯುವ ಪಾಲಕರ ಸಭೆಗಳಲ್ಲಿ ಎರಡು ಪ್ರಶ್ನೆಗಳು ಪ್ರತಿವರ್ಷವೂ ಎದುರಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗಳು ನರ್ಸಿಂಗ್ ಓದಬಲ್ಲಳೇ? ಓದಿದರೂ ಕ್ಷಯ, ಏಡ್ಸ್‌ನಂಥ ರೋಗಗಳ ನಡುವೆ ಅವಳು ಕೆಲಸ ಮಾಡುವುದು ಅಪಾಯವಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ಒಂದು ಮಾತಿನ ಉತ್ತರ ಕೊಡುವುದಕ್ಕಿಂತ, ಈ ಎರಡು ರೋಗಗಳ ಆರೈಕೆಯಲ್ಲಿ ನರ್ಸ್ ವಹಿಸುವ ಪಾತ್ರವೇನು, ಅದಕ್ಕೆ ಆಕೆಯ ಶಿಕ್ಷಣ ಹೇಗಿರಬೇಕು ಎಂಬುದನ್ನು ಮೊದಲು ಅರಿಯುವುದು ಒಳಿತು. ಆ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಎರಡು ರೋಗಗಳು, ಒಂದೇ ಹೊರೆ

ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಅವರು 1882ರ ಮಾರ್ಚ್ 24ರಂದು ಜಗತ್ತಿಗೆ ಪ್ರಕಟಿಸಿದರು. ಪರಿಣಾಮಕಾರಿ ಔಷಧಗಳು ದೊರೆತು ಎಪ್ಪತ್ತು ವರ್ಷ ಕಳೆದರೂ ರೋಗ ತೊಲಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಕ್ಷಯಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನರು ಸತ್ತರು. ರೋಗಿಗಳ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು.

ಎಚ್‌ಐವಿ ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣು. ಭಾರತದಲ್ಲಿ ಸುಮಾರು 25 ಲಕ್ಷ ಜನರು ಎಚ್‌ಐವಿಯೊಡನೆ ಬದುಕುತ್ತಿದ್ದಾರೆಂದು ಅಂದಾಜು. ಇವೆರಡೂ ಒಂದಕ್ಕೊಂದು ದಾರಿ ಮಾಡಿಕೊಡುವ ರೋಗಗಳು. ಕ್ಷಯದ ಸೋಂಕು ದೇಹದಲ್ಲಿ ಸುಪ್ತವಾಗಿರುವ ಆರೋಗ್ಯವಂತರಲ್ಲಿ ಅದು ರೋಗವಾಗಿ ಹೊರಬೀಳುವ ಸಾಧ್ಯತೆ ಇಡೀ ಜೀವಮಾನದಲ್ಲಿ ಶೇ. 5ರಿಂದ 10ರಷ್ಟು ಮಾತ್ರ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಎಚ್‌ಐವಿ ಇರುವವರ ಸಾವಿಗೆ ಅತಿ ಮುಖ್ಯ ಕಾರಣ ಇಂದಿಗೂ ಕ್ಷಯವೇ. ಆದುದರಿಂದ ಒಂದು ರೋಗ ಕಂಡಲ್ಲಿ ಇನ್ನೊಂದನ್ನು ಪರೀಕ್ಷಿಸಬೇಕೆಂಬುದು ಆರೈಕೆಯ ಮೊದಲ ನಿಯಮ.

ಸ್ಯಾನಿಟೋರಿಯಂನಿಂದ ಮನೆಗೆ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಷಯವೆಂದರೆ ಸ್ಯಾನಿಟೋರಿಯಂ. ಆಂಧ್ರದ ಮದನಪಲ್ಲಿಯ ಬಳಿ, ಆರೋಗ್ಯವರಂ ಎಂಬಲ್ಲಿ 1915ರಲ್ಲಿ ಆರಂಭವಾದ ಆಸ್ಪತ್ರೆ ದಕ್ಷಿಣ ಭಾರತದಲ್ಲಿ ಹೆಸರುವಾಸಿಯಾಗಿತ್ತು. ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ, ಇವೇ ಅಂದಿನ ಚಿಕಿತ್ಸೆ. ಅಲ್ಲಿ ನರ್ಸ್‌ನ ಕೆಲಸವೆಲ್ಲ ಹಾಸಿಗೆಯ ಪಕ್ಕದಲ್ಲಿಯೇ.

ಈ ಪದ್ಧತಿಯನ್ನು ಬದಲಿಸಿದ್ದು 1956ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರ. ಅಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲಿಯೂ ಇನ್ನೊಂದಕ್ಕೆ ಅವರವರ ಮನೆಯಲ್ಲಿಯೂ ಅದೇ ಔಷಧವನ್ನು ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಇಕ್ಕಟ್ಟಾದ ಬಡ ಮನೆಗಳಲ್ಲಿ, ಕಡಿಮೆ ಆಹಾರದಲ್ಲಿ, ದುಡಿಯುತ್ತಲೇ ಇದ್ದ ರೋಗಿಗಳೂ ಹೆಚ್ಚುಕಡಿಮೆ ಸ್ಯಾನಿಟೋರಿಯಂನವರಷ್ಟೇ ಗುಣ ಹೊಂದಿದ್ದರು. ರೋಗಿ ಮನೆಯಲ್ಲಿದ್ದುದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ.

ಆ ಯಶಸ್ಸಿನ ಹಿಂದೆ ಮನೆಮನೆಗೆ ಹೋಗಿ, ಗುಳಿಗೆಗಳನ್ನು ಎಣಿಸಿ, ಕುಟುಂಬದವರೊಡನೆ ಮಾತಾಡಿ ಧೈರ್ಯ ತುಂಬಿದ ಆರೋಗ್ಯ ಸಂದರ್ಶಕರಿದ್ದರು. ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಔಷಧದ ಫಲ ರೋಗಿಗೆ ತಿಳಿಯುವಂತೆ ಹೇಳಿಕೊಡುವವರನ್ನು ಅವಲಂಬಿಸಿತು. ಎಂದರೆ, ನರ್ಸ್ ಶಿಕ್ಷಕಿಯೂ ಆಗಬೇಕಾಯಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಪಾಠ ಹೇಳುತ್ತದೆ. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆಯನ್ನು ಅದು ಸುಳ್ಳಾಗಿಸಿತು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆರೋಗ್ಯ ಕೇಂದ್ರಗಳಿಗೆ ಹೋಗಿದ್ದರು. ಅಲ್ಲಿ ರೋಗವನ್ನು ಗುರುತಿಸದೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳುಹಿಸಲಾಗಿತ್ತು. ಕೊರತೆಯಿದ್ದುದು ಬಾಗಿಲ ಬಳಿ ಕುಳಿತವರ ತರಬೇತಿಯಲ್ಲಿ.

ಎಚ್‌ಐವಿ: ಭಯದಿಂದ ಚಿಕಿತ್ಸೆಯ ಕಡೆಗೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಪ್ರಯತ್ನದಿಂದ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪುಗೊಂಡಿತು. 2004ರ ಏಪ್ರಿಲ್‌ನಲ್ಲಿ ಸರಕಾರವು ಎಆರ್‌ಟಿ ಎಂಬ ವೈರಾಣು ನಿರೋಧಕ ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿತು. 2017ರಿಂದ, ರಕ್ತದ ಕಣಗಳ ಸಂಖ್ಯೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಜಾರಿಯಾಯಿತು.

ಇಂದು ಎಚ್‌ಐವಿ ಜೀವನವಿಡೀ ಔಷಧ ಸೇವಿಸಿ ಹತೋಟಿಯಲ್ಲಿಡಬಹುದಾದ ಸ್ಥಿತಿ. ಔಷಧವನ್ನು ತಪ್ಪದೆ ಸೇವಿಸಿ, ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45, ಸರಿಯಾದ ಚಿಕಿತ್ಸೆಯಿದ್ದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಈ ಫಲ ದೊರೆಯಬೇಕಾದರೆ ಒಬ್ಬ ಮನುಷ್ಯ ವರ್ಷಾನುವರ್ಷ ದಿನವೂ ಗುಳಿಗೆ ನುಂಗಬೇಕು. ಮನೆಯಲ್ಲಿ ಗುಟ್ಟಾಗಿ ಇಟ್ಟುಕೊಂಡು, ಕಬ್ಬು ಕಡಿಯಲು ಆರು ತಿಂಗಳು ಊರು ಬಿಟ್ಟು ಹೋಗುವವರಿಗೆ ಅದು ಸುಲಭವಲ್ಲ. ಅವರನ್ನು ಚಿಕಿತ್ಸೆಯಲ್ಲಿ ಹಿಡಿದಿಡುವುದು ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಮತ್ತು ನರ್ಸ್‌ಗಳ ಕೆಲಸ.

ನರ್ಸ್ ಏನೇನು ಕಲಿತಿರಬೇಕು

ಪಠ್ಯಪುಸ್ತಕದಲ್ಲಿ ಎರಡು ರೋಗಗಳ ಅಧ್ಯಾಯಗಳಿರುವುದಷ್ಟೇ ಸಾಲದು. ಕೆಲಸಕ್ಕೆ ಬರುವ ಕಲಿಕೆ ಈ ಮುಂದಿನಂತಿದೆ.

1. ನಾಲ್ಕು ಪ್ರಶ್ನೆಗಳು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು: ಎಚ್‌ಐವಿ ಇರುವ ಪ್ರತಿಯೊಬ್ಬ ವಯಸ್ಕರನ್ನು ಪ್ರತಿ ಭೇಟಿಯಲ್ಲಿಯೂ ಇವುಗಳ ಬಗ್ಗೆ ಕೇಳಬೇಕು. ಒಂದಕ್ಕೆ ಹೌದೆಂದರೂ ಕ್ಷಯದ ಪರೀಕ್ಷೆಯಾಗಬೇಕು.

2. ಕಫದ ಮಾದರಿ. ಬಯಲಿನಲ್ಲಿ, ಇತರರಿಂದ ದೂರ ನಿಂತು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯುವುದನ್ನು ಹೇಳಿಕೊಡಬೇಕು. ಜೊಲ್ಲು ಮಾತ್ರ ಬಂದರೆ ಎಂಥ ಯಂತ್ರವೂ ರೋಗ ಹಿಡಿಯಲಾರದು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಮತ್ತು ಗೋವಾದ ಮೋಲ್‌ಬಯೋ ಸಂಸ್ಥೆಗಳು ರೂಪಿಸಿದ ಟ್ರೂನ್ಯಾಟ್ ಯಂತ್ರವು ತಾಲೂಕು ಮಟ್ಟದಲ್ಲಿಯೂ ಕ್ಷಯವನ್ನು, ರಿಫಾಂಪಿಸಿನ್ ಔಷಧಕ್ಕೆ ಪ್ರತಿರೋಧವನ್ನು ಕೆಲವೇ ಗಂಟೆಗಳಲ್ಲಿ ತೋರಿಸುತ್ತದೆ. ಅದರ ಉತ್ತರ ಸರಿಯಿರಬೇಕಾದರೆ ಮಾದರಿ ಸರಿಯಿರಬೇಕು.

3. ಔಷಧದ ತಿಳಿವಳಿಕೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಅನಂತರ ನಾಲ್ಕು ತಿಂಗಳು ಮೂರು ಔಷಧ. ರಿಫಾಂಪಿಸಿನ್ ಸೇವಿಸಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರೋಗಿ ಅದನ್ನು ರಕ್ತವೆಂದು ಹೆದರಿ ಗುಳಿಗೆ ಬಿಡುತ್ತಾನೆ. ಐಸೋನಿಯಾಜಿಡ್‌ನಿಂದ ಕೈಕಾಲು ಜೋಮು ಹಿಡಿಯದಂತೆ ಬಿ6 ಜೀವಸತ್ವ ಕೊಡುತ್ತಾರೆ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

4. ಎರಡೂ ರೋಗವಿದ್ದಾಗ. ರಿಫಾಂಪಿಸಿನ್ ಎಚ್‌ಐವಿಯ ಡೊಲುಟೆಗ್ರಾವಿರ್ ಔಷಧದ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಆದ್ದರಿಂದ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಬಾರಿ ಕೊಡಬೇಕಾಗುತ್ತದೆ. ಇದನ್ನು ಬಲ್ಲ ನರ್ಸ್ ಔಷಧ ಚೀಟಿಯಲ್ಲಿನ ತಪ್ಪನ್ನು ಅಲ್ಲಿಯೇ ಹಿಡಿಯಬಲ್ಲಳು.

5. ತಡೆಗಟ್ಟುವ ಚಿಕಿತ್ಸೆ. ಎಚ್‌ಐವಿ ಇರುವವರಿಗೆ ಮತ್ತು ಕ್ಷಯರೋಗಿಯ ಮನೆಮಂದಿಗೆ, ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ರೋಗ ಬಾರದಂತೆ ಔಷಧ ಕೊಡಲಾಗುತ್ತದೆ. ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಕ್ರಮವೂ ಇದೆ. ಆರೋಗ್ಯವಾಗಿರುವವರು ಗುಳಿಗೆ ಏಕೆ ನುಂಗಬೇಕೆಂಬುದನ್ನು ಮನವರಿಕೆ ಮಾಡುವುದು ಕಷ್ಟದ ಕೆಲಸ.

6. ಗುಟ್ಟು ಕಾಯುವುದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಒಬ್ಬರ ಸ್ಥಿತಿಯನ್ನು ಬಹಿರಂಗಪಡಿಸುವುದು, ಶಾಲೆ, ಉದ್ಯೋಗ, ಚಿಕಿತ್ಸೆಗಳಲ್ಲಿ ತಾರತಮ್ಯ ಮಾಡುವುದು ಕಾನೂನುಬಾಹಿರ. ಶಾಲೆಗಳೂ ಇದನ್ನು ನೆನಪಿಡಬೇಕು: ಎಚ್‌ಐವಿ ಇದೆಯೆಂದು ಯಾವ ಮಗುವಿನ ಪ್ರವೇಶವನ್ನೂ ನಿರಾಕರಿಸುವಂತಿಲ್ಲ.

ಕಲಿಸುವ ರೀತಿ ಬದಲಾದರೆ ಆರೈಕೆ ಬದಲಾಗುವುದೇ?

ಇದಕ್ಕೆ ಅತ್ಯಂತ ಸ್ಪಷ್ಟ ಪುರಾವೆ ದೊರೆತದ್ದು ಜಗತ್ತಿನಲ್ಲಿಯೇ ಅತಿ ಹೆಚ್ಚು ಎಚ್‌ಐವಿ ಬಾಧಿತರಿರುವ ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಹಳ್ಳಿಯ ಚಿಕಿತ್ಸಾಲಯಗಳು ಬಹುತೇಕ ನರ್ಸ್‌ಗಳಿಂದಲೇ ನಡೆಯುತ್ತವೆ. ಫ್ರೀ ಸ್ಟೇಟ್ ಪ್ರಾಂತ್ಯದ 40 ಚಿಕಿತ್ಸಾಲಯಗಳಲ್ಲಿ ನಡೆದು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿಯ ಕ್ರಮವನ್ನೇ ಬದಲಿಸಲಾಯಿತು. ನರ್ಸ್‌ಗಳನ್ನು ದೂರದ ನಗರಕ್ಕೆ ಕರೆಸಿ ಭಾಷಣ ಕೇಳಿಸುವುದನ್ನು ಬಿಟ್ಟು, ತರಬೇತಿ ಪಡೆದ ಹಿರಿಯ ನರ್ಸ್‌ಗಳೇ ಅವರ ಚಿಕಿತ್ಸಾಲಯಕ್ಕೆ ಹೋಗಿ, ಕೆಮ್ಮಿನ ರೋಗಿ ಬಂದಾಗ ಹೆಜ್ಜೆ ಹೆಜ್ಜೆಗೆ ಏನು ಮಾಡಬೇಕೆಂಬ ಕೈಪಿಡಿಯನ್ನಿಟ್ಟುಕೊಂಡು ಕಿರು ಪಾಠಗಳನ್ನು ಮಾಡಿದರು. ಈ ಪಾಠ ಪಡೆದ ಚಿಕಿತ್ಸಾಲಯಗಳಲ್ಲಿ ಪರೀಕ್ಷೆಗೊಳಪಟ್ಟ ರೋಗಿಗಳ ಪೈಕಿ ಶೇ. 6.4ರಷ್ಟು ಮಂದಿಯಲ್ಲಿ ಕ್ಷಯ ಪತ್ತೆಯಾಯಿತು. ಪಡೆಯದ ಕಡೆ ಶೇ. 3.8ರಷ್ಟು.

2010ರಲ್ಲಿ ಆ ದೇಶವು ತರಬೇತಿ ಪಡೆದ ನರ್ಸ್‌ಗಳೇ ಎಚ್‌ಐವಿ ಚಿಕಿತ್ಸೆಯನ್ನು ಆರಂಭಿಸಬಹುದೆಂಬ ನೀತಿಯನ್ನು ತಂದಿತು. 31 ಚಿಕಿತ್ಸಾಲಯಗಳಲ್ಲಿ ನಡೆದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರ್ಸ್‌ಗಳು ಔಷಧ ಬರೆದುಕೊಟ್ಟ ಕಡೆ ಚಿಕಿತ್ಸೆಯ ಗುಣಮಟ್ಟ ಕುಸಿಯಲಿಲ್ಲವೆಂದು ತಿಳಿದುಬಂತು. ಎರಡೂ ಅಧ್ಯಯನಗಳು ಹೇಳುವುದು ಒಂದನ್ನೇ: ನರ್ಸ್‌ಗೆ ಜವಾಬ್ದಾರಿ ಕೊಡಬಹುದು, ಆದರೆ ಅದಕ್ಕೆ ತಕ್ಕ ಶಿಕ್ಷಣವನ್ನು ಕೆಲಸದ ಸ್ಥಳದಲ್ಲಿಯೂ ಮುಂದುವರಿಸಬೇಕು.

ನಮ್ಮ ದೇಶದ ನರ್ಸಿಂಗ್ ಶಿಕ್ಷಣ

ಭಾರತದಲ್ಲಿ ವಿಶ್ವವಿದ್ಯಾಲಯ ಮಟ್ಟದ ನರ್ಸಿಂಗ್ ಪದವಿ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯು ದೇಶಕ್ಕೆಲ್ಲ ಸಮಾನ ಮಟ್ಟದ ಶಿಕ್ಷಣವನ್ನು ರೂಪಿಸಲು ಅವಕಾಶ ಮಾಡಿತು. ಅದರ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿದೆ. ಎಚ್‌ಐವಿ ಕುರಿತು ಕೆಲಸದಲ್ಲಿರುವ ನರ್ಸ್‌ಗಳಿಗೆ ದೇಶವ್ಯಾಪಿ ತರಬೇತಿ ಕೊಡುವ ಕಾರ್ಯವನ್ನು ಪರಿಷತ್ತು ಗ್ಲೋಬಲ್ ಫಂಡ್‌ನ ನೆರವಿನಿಂದ ಕೈಗೊಂಡಿತು. 2018ರಿಂದ ಉಪಕೇಂದ್ರಗಳಲ್ಲಿ ನೇಮಕವಾಗುತ್ತಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ಹಳ್ಳಿಯಲ್ಲಿ ಕ್ಷಯದ ಲಕ್ಷಣವುಳ್ಳವರನ್ನು ಮೊದಲು ಕಾಣುವವರು ಅವರು.

ಆದರೂ ದುರ್ಬಲತೆಗಳಿವೆ. ಅನೇಕ ಸಂಸ್ಥೆಗಳಲ್ಲಿ ಪಾಠ ಪರೀಕ್ಷೆಗಾಗಿ ನಡೆಯುತ್ತದೆ. ಕ್ಷಯ ಘಟಕದಲ್ಲಿ, ಎಆರ್‌ಟಿ ಕೇಂದ್ರದಲ್ಲಿ ಕುಳಿತು ಸಮಾಲೋಚನೆಯನ್ನು ನೋಡಿ ಕಲಿಯುವ ಅವಕಾಶ ವಿದ್ಯಾರ್ಥಿಗಳಿಗೆ ಕಡಿಮೆ. ಕಲಿಸುವ ಶಿಕ್ಷಕಿಗೂ ವಾರ್ಡಿನ ನರ್ಸ್‌ಗೂ ನಡುವೆ ಸಂಪರ್ಕವಿರುವುದಿಲ್ಲ. ಔಷಧ ಕ್ರಮಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಿರುವಾಗ ಹಳೆಯ ಟಿಪ್ಪಣಿಗಳೇ ಕೈಯಿಂದ ಕೈಗೆ ಸಾಗುತ್ತವೆ. ಶಿಕ್ಷಣವನ್ನು ಬಲಪಡಿಸುವುದೆಂದರೆ ಕಟ್ಟಡ ಮತ್ತು ಸೀಟುಗಳ ಜೊತೆಗೆ ಇವುಗಳನ್ನೂ ಸರಿಪಡಿಸುವುದು.

ರೋಗಿಯ ಭಾಷೆಯಲ್ಲಿ ಒಂದು ಮಾತು

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯ ಹುಡುಗನೊಬ್ಬ ಶಾಲೆ ತಪ್ಪಿಸತೊಡಗಿದಾಗ ಮನೆಗೆ ಹೋಗಿದ್ದೆ. ಅವನ ತಂದೆಗೆ ಕ್ಷಯವಾಗಿತ್ತು. ಎರಡು ತಿಂಗಳು ಗುಳಿಗೆ ನುಂಗಿ ನಿಲ್ಲಿಸಿದ್ದರು. ಕೇಳಿದಾಗ, "ಸರ, ಕೆಮ್ಮು ಹೋಗೇತಿ, ಮೈಯಾಗ ಶಕ್ತಿ ಬಂದೈತಿ, ಇನ್ಯಾಕ್ರಿ ಗುಳಿಗಿ?" ಎಂದರು. ಆಸ್ಪತ್ರೆಯಲ್ಲಿ ಅವರಿಗೆ ಕೊಟ್ಟಿದ್ದ ಕಾಗದದಲ್ಲಿ ಆರು ತಿಂಗಳೆಂದು ಸ್ಪಷ್ಟವಾಗಿಯೇ ಬರೆದಿತ್ತು, ಅವರು ಓದಲಾರದ ಭಾಷೆಯಲ್ಲಿ. ಹೇಳಿದವರು ಅವಸರದಲ್ಲಿ ಹೇಳಿದ್ದರು. ಕೇಳಿದವರು ಸಂಕೋಚದಿಂದ ತಲೆಯಾಡಿಸಿದ್ದರು. ಮರುದಿನ ನಾನೇ ಅವರೊಡನೆ ಹೋಗಿ ಇಬ್ಬರ ನಡುವೆ ಮಾತು ಕೂಡಿಸಿದೆ. ಚಿಕಿತ್ಸೆ ಮತ್ತೆ ಆರಂಭವಾಯಿತು, ಅವರು ಗುಣಮುಖರಾದರು. ಆದರೆ ಅಷ್ಟು ದಿನ ಆ ಮನೆಯ ಇಬ್ಬರು ಚಿಕ್ಕ ಮಕ್ಕಳು ಅದೇ ಕೋಣೆಯಲ್ಲಿ ಮಲಗುತ್ತಿದ್ದರು.

ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುತ್ತದೆ. ಅಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ರೋಗಿ ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಮಾಡಿ ಪರೀಕ್ಷಿಸುವ ಒಂದು ಸರಳ ಪಾಠವನ್ನು ಆ ನರ್ಸ್‌ಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ರಾಯದುರ್ಗದಲ್ಲಿ ತೆಲುಗು ಆಡಳಿತ ಭಾಷೆಗಳಾಗಿರುವಾಗ, ಮನೆಯ ಕನ್ನಡವನ್ನೂ ರಾಜ್ಯದ ಭಾಷೆಯನ್ನೂ ಬಲ್ಲ ನರ್ಸ್ ಒಬ್ಬಳು ಆರೋಗ್ಯ ಕೇಂದ್ರದಲ್ಲಿರುವುದು ದೊಡ್ಡ ಉಪಕಾರ. ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಈ ಅರ್ಹತೆ ಹುಟ್ಟಿನಿಂದಲೇ ಬಂದಿರುತ್ತದೆ.

ಕೆಲಸ ಅಪಾಯಕರವೇ?

ಮುಟ್ಟುವುದರಿಂದ, ಊಟ ಕೊಡುವುದರಿಂದ, ಬಟ್ಟೆ ಬದಲಿಸುವುದರಿಂದ ಎಚ್‌ಐವಿ ಹರಡುವುದಿಲ್ಲ. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿಕೊಂಡರೂ ಸೋಂಕು ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ಅದನ್ನೂ ತಡೆಯಲು ಔಷಧವಿದೆ: ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗೆ ಆದರೆ ಉತ್ತಮ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಕ್ಷಯ ಗಾಳಿಯಿಂದ ಹರಡುವುದರಿಂದ ಅಲ್ಲಿ ಎಚ್ಚರ ಹೆಚ್ಚು ಬೇಕು. ತೆರೆದ ಕಿಟಕಿ, ಎನ್-95 ಮುಖಗವಸು, ಕೆಮ್ಮುವವರನ್ನು ಬೇರೆ ಕುಳ್ಳಿರಿಸುವುದು, ಸಿಬ್ಬಂದಿಯ ನಿಯಮಿತ ತಪಾಸಣೆ ಇವೇ ರಕ್ಷಣೆ. ಸರಿಯಾದ ಔಷಧ ಆರಂಭಿಸಿದ ಮೇಲೆ ರೋಗಿಯಿಂದ ಹರಡುವಿಕೆ ಬೇಗನೆ ತಗ್ಗುತ್ತದೆ. ಅಪಾಯ ಇಲ್ಲವೆಂದು ಹೇಳಲಾಗದು. ಆದರೆ ಸರಿಯಾಗಿ ಕಲಿತವರಿಗೆ ಅದು ಬಹಳ ಕಡಿಮೆ. ಒಳ್ಳೆಯ ನರ್ಸಿಂಗ್ ಶಿಕ್ಷಣ ರೋಗಿಯ ಜೊತೆಗೆ ನರ್ಸ್‌ನನ್ನೂ ಕಾಯುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ದಾರಿ

- ಎಎನ್‌ಎಂ: ಎರಡು ವರ್ಷ. ಹನ್ನೆರಡನೆಯ ತರಗತಿಯಲ್ಲಿ ಕಲಾ ಅಥವಾ ವಿಜ್ಞಾನ ಓದಿದವರಿಗೆ ಅವಕಾಶ.
- ಜಿಎನ್‌ಎಂ: ಮೂರು ವರ್ಷ. ಇಂಗ್ಲಿಷ್ ಒಂದು ವಿಷಯವಾಗಿ ಹನ್ನೆರಡನೆಯ ತರಗತಿಯಲ್ಲಿ ಸಾಮಾನ್ಯವಾಗಿ ಶೇ. 40 ಅಂಕ, ವಿಜ್ಞಾನ ಓದಿದವರಿಗೆ ಅನುಕೂಲ.
- ಬಿ.ಎಸ್ಸಿ. ನರ್ಸಿಂಗ್: ನಾಲ್ಕು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಅಂಕ, ಜೊತೆಗೆ ಇಂಗ್ಲಿಷ್‌ನಲ್ಲಿ ಉತ್ತೀರ್ಣತೆ. ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ.
- ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು.

ಈ ಕೋರ್ಸುಗಳು ಗಂಡುಮಕ್ಕಳಿಗೂ ತೆರೆದಿವೆ. ಎಎನ್‌ಎಂ ಮಾತ್ರ ಹೆಣ್ಣುಮಕ್ಕಳಿಗೆ. ಪ್ರವೇಶ ವಿಧಾನ ರಾಜ್ಯಕ್ಕೊಂದು ಬಗೆ. ಮಹಾರಾಷ್ಟ್ರದಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಪ್ರತ್ಯೇಕ ಸಿಇಟಿ ಇದೆ. ಕೇರಳದಲ್ಲಿ ಎಲ್‌ಬಿಎಸ್ ಕೇಂದ್ರವು ಪ್ಲಸ್ ಟು ಅಂಕಗಳ ಆಧಾರದಲ್ಲಿ ಸೀಟು ಹಂಚುತ್ತದೆ. ಕರ್ನಾಟಕದಲ್ಲಿ ಓದಬಯಸುವವರು ಒಂದು ವಿಷಯ ಗಮನಿಸಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ ಮಾತೃಭಾಷೆಯ ಅಭ್ಯರ್ಥಿಗಳಿಗೆ ಗಡಿನಾಡು ಕನ್ನಡಿಗರೆಂಬ ಕಲಮಿದೆ. ಇತರ ಭಾಗದವರಿಗೆ ಹೊರನಾಡು ಕನ್ನಡಿಗರ ಕಲಮಿದೆ. ಇವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿ, ವಾಸ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ.

ಬೋಧನೆ ಇಂಗ್ಲಿಷ್‌ನಲ್ಲಿರುತ್ತದೆ. ಮೊದಲ ವರ್ಷ ಕಷ್ಟವೆನಿಸುವುದು ನಿಜ. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿತ ಮಕ್ಕಳು ಇದನ್ನು ದಾಟುತ್ತಾರೆ. ಸೇರುವ ಮುನ್ನ ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ, ಕಲಿಕೆಗೆ ಎಷ್ಟು ಹಾಸಿಗೆಗಳ ಆಸ್ಪತ್ರೆಯಿದೆ, ವಿದ್ಯಾರ್ಥಿಗಳನ್ನು ಕ್ಷಯ ಘಟಕ ಮತ್ತು ಎಆರ್‌ಟಿ ಕೇಂದ್ರಕ್ಕೆ ಕಳುಹಿಸುತ್ತಾರೆಯೇ ಎಂದು ವಿಚಾರಿಸಿ. ಈ ಮೂರನೆಯ ಪ್ರಶ್ನೆಯನ್ನು ಪಾಲಕರು ಕೇಳತೊಡಗಿದರೆ ಕಾಲೇಜುಗಳೂ ಎಚ್ಚೆತ್ತುಕೊಳ್ಳುತ್ತವೆ.

ಮನೆಗಳಿಗೆ ನೆನಪು

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವವರ ಬ್ಯಾಂಕ್ ಖಾತೆಗೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 500 ರೂಪಾಯಿ ಇತ್ತು. ಕ್ಷಯದ ಮಾಹಿತಿಗೆ 1800-11-6666, ಎಚ್‌ಐವಿ ಮಾಹಿತಿಗೆ 1097 ಉಚಿತ ಸಹಾಯವಾಣಿಗಳು. ಆಸ್ಪತ್ರೆಯಲ್ಲಿ ಹೇಳಿದ್ದು ತಿಳಿಯದಿದ್ದರೆ ತಲೆಯಾಡಿಸಿ ಬರಬೇಡಿ. ಇನ್ನೊಮ್ಮೆ ಕೇಳುವುದು ನಿಮ್ಮ ಹಕ್ಕು.

ಮೇಲೆ ಹೇಳಿದ ಆ ಹುಡುಗನ ತಂಗಿ ಈಗ ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಮುಂದೆ ನರ್ಸಿಂಗ್ ಓದುವುದಾಗಿ ಹೇಳುತ್ತಾಳೆ. ತಂದೆ ಒಪ್ಪಿದ್ದಾರೆ.